ಹಿಂತೆಗೆದ ಹೆಸರು

ಮಿನಿಯಾಪೊಲಿಸ್, ಆಸ್ಪತ್ರೆಯಿಂದ
ಜೂನ್ 8, 1956

ಪ್ರೀತಿಯ ಐಲಿ,

ನಿನ್ನ ಕಾಗದವೂ ಉಣ್ಣೆಯ ಕಾಲುಚೀಲವೂ ತಲುಪಿದವು. ಜೂನ್ ತಿಂಗಳಲ್ಲಿ ಉಣ್ಣೆಯ ಕಾಲುಚೀಲ ಕಳಿಸುವವಳು ಇಡೀ ದೇಶದಲ್ಲಿ ನೀನೊಬ್ಬಳೇ ಇರಬೇಕು. ಹಾಕಿಕೊಂಡಿದ್ದೇನೆ.

ಇನ್ನು ಕೆಲಸದ ಮಾತು. ಸಹಕಾರ ಪಕ್ಷ ಹುಟ್ಟಿದಾಗಿನಿಂದ ಆರು ಅಧಿವೇಶನಗಳಾಗಿವೆ, ಆರಕ್ಕೂ ನಾನು ಪ್ರತಿನಿಧಿಯಾಗಿ ಹೋಗಿದ್ದೇನೆ. ಏಳನೆಯದಕ್ಕೆ ನನ್ನ ಬದಲು ನೀನು ಹೊರಟಿದ್ದೀಯ. ನಮ್ಮ ಸಹಕಾರಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಸಕ್ಕರೆ ತೂಗಿದಷ್ಟು ಸುಲಭವಲ್ಲ ಅದು, ಆದ್ದರಿಂದ ಗಮನವಿಟ್ಟು ಓದು. ಸಭಾಪತಿ ಕೆಲ್ಲರ್‌ಮನ್‌ಗೆ ಎಡಗಿವಿ ಕೇಳಿಸುವುದಿಲ್ಲ, ಅವನ ಬಲಕ್ಕೆ ಜಾಗ ಹಿಡಿ. ಹಾಲಿನ ಬೆಲೆಯ ಚರ್ಚೆಯಲ್ಲಿ ವಿಸ್ಕಾನ್ಸಿನ್‌ನವರು ಊಟದ ಹೊತ್ತು ಮೀರುವವರೆಗೆ ಮಾತಾಡುತ್ತಾರೆ. ಎದುರಿನವರು ಹಸಿದು ಕೈಯೆತ್ತಲಿ ಎಂಬುದೇ ಅವರ ತಂತ್ರ. ಬೆಳಿಗ್ಗೆಯೇ ಹೊಟ್ಟೆ ತುಂಬ ತಿಂದು ಹೋಗು. ನಮ್ಮ ಐದು ಓಟಿಗೂ ನೀನೇ ಮುಖ್ಯಸ್ಥೆ. ನೀನು ಹೇಳಿದ್ದೇ ಮಿನೆಸೋಟದ ಮಾತು.

ಇನ್ನೊಂದು ವಿಷಯವಿದೆ. ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯಾಗಿ ಈ ಸಲ ನನ್ನ ಹೆಸರು ಎತ್ತಬೇಕೆಂದು ಹಳಬರು ಕೆಲವರು ಮಾತಾಡಿಕೊಂಡಿದ್ದಾರೆ. ನಾನಾಗಿ ಕೇಳಿದ್ದಲ್ಲ. ಏಪ್ರಿಲ್‌ನಲ್ಲಿ ಕೆಲ್ಲರ್‌ಮನ್ ಬರೆದು ಕೇಳಿದ, ನಾನು ಬೇಡವೆನ್ನಲಿಲ್ಲ, ಅಷ್ಟೆ. ನಾವು ಗೆಲ್ಲುವುದಿಲ್ಲವೆಂದು ನನಗೆ ಗೊತ್ತು, ನಮ್ಮೂರಿನ ಹಸುಗಳಿಗೂ ಗೊತ್ತು. ಆದರೂ ಗಣಿಯಿಂದ ಹೊರದಬ್ಬಿಸಿಕೊಂಡ ಒಬ್ಬ ಫಿನ್ನಿಷ್ ಕೂಲಿಯ ಹೆಸರು ದೇಶದ ಮತಪತ್ರದ ಮೇಲೆ ಒಮ್ಮೆಯಾದರೂ ಅಚ್ಚಾಗಲಿ. ನನ್ನ ಹೆಸರು ಬಂದಾಗ ನೀನು ಎದ್ದು ಎರಡೇ ಪದ ಹೇಳಬೇಕು: ‘ಮಿನೆಸೋಟ ಒಪ್ಪುತ್ತದೆ.’ ಹೆಚ್ಚು ಬೇಡ. ಭಾಷಣ ಮಾಡಲು ಹೋಗಬೇಡ.

ಎದೆ ಹೇಗಿದೆಯೆಂದು ಕೇಳಿದ್ದೀಯ. ದಿನಾ ಪಡಸಾಲೆಯಲ್ಲಿ ಹತ್ತು ಸುತ್ತು ನಡೆಯುತ್ತಿದ್ದೇನೆ. ನನ್ನನ್ನು ನೋಡಿ ಡಾಕ್ಟರ್ ಸುಂಡ್ವಾಲ್ ಬೆರಗಾಗಿದ್ದಾರೆ.

ಗುರುವಾರ ಬಸ್ಸು ಬದಲಿಸುವಾಗ ಇಲ್ಲಿಗೆ ಬಂದು ಹೋಗು. ವಾಪಸು ಬರುವಾಗಲೂ ಬಾ, ಸುದ್ದಿಯನ್ನು ನಿನ್ನ ಬಾಯಿಂದಲೇ ಕೇಳಬೇಕು.

ನಿನ್ನ ಅಣ್ಣ
ಟೋಯ್ವೊ


ಮಿಲ್ವಾಕೀ
ಜೂನ್ 15, ಶುಕ್ರವಾರ

ಪ್ರೀತಿಯ ಟೋಯ್ವೊ,

ನಿನ್ನೆ ನಿನ್ನನ್ನು ನೋಡಿ ಸಮಾಧಾನವಾಯಿತು. ನಿನ್ನ ಮುಖದ ಬಣ್ಣ ಪರವಾಗಿಲ್ಲ.

ಬೇಕರಿ ಕೆಲಸಗಾರರ ಸಂಘದ ಸಭಾಂಗಣದಲ್ಲಿ ಅಧಿವೇಶನ ನಡೆಯುತ್ತಿದೆ. ಕೆಳಗಿನ ಅಂತಸ್ತಿನಲ್ಲಿ ಒಲೆ ಉರಿಯುತ್ತದೆ, ಮೇಲೆ ನಾವು ಉರಿಯುತ್ತೇವೆ. ಹನ್ನೊಂದು ರಾಜ್ಯಗಳಿಂದ ಎಪ್ಪತ್ತೊಂದು ಮಂದಿ ಬಂದಿದ್ದಾರೆ. ಎರಡು ಫ್ಯಾನುಗಳಿವೆ. ಅವುಗಳಲ್ಲಿ ಒಂದು ತಿರುಗಿದರೆ ಮೇಜಿನ ಮೇಲಿನ ಠರಾವುಗಳೆಲ್ಲ ಹಾರುತ್ತವೆಂದು ಅದನ್ನು ನಿಲ್ಲಿಸಿದ್ದಾರೆ. ರಾಜ್ಯದ ಹೆಸರಿನ ಹಲಗೆಗಳನ್ನು ಅಂಗಿಯ ಡಬ್ಬದ ರಟ್ಟಿನಿಂದ ಮಾಡಿದ್ದಾರೆ. ನಮ್ಮದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಪೆನ್ಸಿಲಿನಿಂದ ಸೇರಿಸಿದೆ.

ನೀನು ಹೇಳಿದಂತೆಯೇ ಆಯಿತು. ವಿಸ್ಕಾನ್ಸಿನ್‌ನವರು ಹಾಲಿನ ಬೆಲೆ ಹಿಡಿದುಕೊಂಡು ಎರಡೂವರೆಯವರೆಗೆ ಬಿಡಲಿಲ್ಲ. ಆದರೆ ನನ್ನ ಪಕ್ಕದಲ್ಲಿ ಕೂತ ಓಲೀಟಾ ಪ್ರೂಯಿಟ್ ಎಂಬಾಕೆ ಚೀಲದಿಂದ ಜೋಳದ ರೊಟ್ಟಿ ತೆಗೆದು ಎರಡು ಸಾಲಿಗೂ ಹಂಚಿಬಿಟ್ಟಳು. ಅವರ ತಂತ್ರ ಅಲ್ಲಿಗೇ ಮುಗಿಯಿತು, ನಾವೇ ಗೆದ್ದೆವು. ಈಕೆ ಓಕ್ಲಹೋಮಾದವಳು, ವಿಧವೆ, ಹತ್ತಿ ಬೆಳೆಯುತ್ತಾಳೆ. ನಮ್ಮಿಬ್ಬರಿಗೂ ಒಂದೇ ಕೋಣೆ ಕೊಟ್ಟಿದ್ದಾರೆ.

ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ನಾನು ಟೋಯ್ವೊ ರಾಂತಾಲನ ತಂಗಿ ಎಂದು ಗೊತ್ತಾದರೆ ಸಾಕು, ಕೈ ಹಿಡಿದು ಬಿಡುವುದೇ ಇಲ್ಲ. ಕೆಲ್ಲರ್‌ಮನ್ ನನ್ನನ್ನು ಬಲಗಿವಿಯ ಕಡೆ ಕೂರಿಸಿಕೊಂಡು, ನಾಳೆ ಮಧ್ಯಾಹ್ನ ಹೆಸರು ಕರೆಯುತ್ತಾರೆ ಎಂದರು. ನಿನ್ನನ್ನು ಬಿಟ್ಟರೆ ಇನ್ನೊಬ್ಬ ಮಾತ್ರ ಕಣದಲ್ಲಿದ್ದಾನೆ. ವೆಂಡೆಲ್ ಟ್ರಾಸ್ಕ್ ಅಂತ, ನೆಬ್ರಾಸ್ಕಾದ ಶಾಲಾ ಮೇಷ್ಟರು, ನಲವತ್ತು ದಾಟಿಲ್ಲ. ನೀನು ನಿಂತರೆ ತಾನು ಸರಿದುಕೊಳ್ಳುತ್ತೇನೆಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ಒಳ್ಳೆಯವನ ಹಾಗೆ ಕಾಣುತ್ತಾನೆ.

ಇಲ್ಲಿಯ ಕಾಫಿ ನೀರು. ಮನೆಯದು ನೆನಪಾಗುತ್ತದೆ.

ನಿನ್ನ
ಐಲಿ


ಮಿಲ್ವಾಕೀ
ಜೂನ್ 17, ಭಾನುವಾರ

ಪ್ರೀತಿಯ ಟೋಯ್ವೊ,

ಅಧಿವೇಶನ ಮುಗಿಯಿತು. ಟ್ರಾಸ್ಕ್ ಆಯ್ಕೆಯಾದ. ಓಟಿನ ಚೀಟಿಗಳನ್ನು ಕೇಕಿನ ಡಬ್ಬದಲ್ಲಿ ಹಾಕಿಸಿಕೊಂಡರು. ಮುಚ್ಚಳ ಬಿಗಿಯಾಗಿ ತೆರೆಯಲಾಗದೆ, ಕೆಳಗಿನ ಬೇಕರಿಯಿಂದ ಒಬ್ಬ ಬಂದು ಚಾಕುವಿನಿಂದ ಎಬ್ಬಿಸಿದ. ಶನಿವಾರ ಸೆಕೆ ಇನ್ನೂ ಜೋರಿತ್ತು, ಎರಡನೆಯ ಫ್ಯಾನನ್ನೂ ಹಾಕಿಬಿಟ್ಟರು. ಆಮೇಲೆ ಕಾಗದಗಳನ್ನು ಹಿಡಿದುಕೊಳ್ಳುವುದೇ ಒಂದು ಕೆಲಸವಾಯಿತು. ಊಟಕ್ಕೆ ಸಾಸೇಜು, ಎಲೆಕೋಸಿನ ಉಪ್ಪಿನಕಾಯಿ. ಇಲ್ಲಿನ ಜರ್ಮನರು ಬಡಿಸುವ ಕೈ ತಡೆಯುವುದಿಲ್ಲ.

ನಾನು ಇನ್ನೆರಡು ದಿನ ಇಲ್ಲೇ ಇರಬೇಕಾಗಿದೆ, ಸಮಿತಿಯ ಕೆಲಸ. ಆಮೇಲೆ ಸುಪೀರಿಯರ್ ಊರಿನವರ ಕಾರಿನಲ್ಲಿ ಜಾಗವಿದೆ ಎಂದರು. ಡುಲೂತ್ ದಾರಿಯಲ್ಲಿ ನೇರವಾಗಿ ಊರಿಗೆ, ಪಾಲೊಗೆ ಹೋಗುತ್ತೇನೆ, ಬಸ್ಸಿನ ದಣಿವು ತಪ್ಪುತ್ತದೆ. ಹೀಗಾಗಿ ಈ ಸಲ ಮಿನಿಯಾಪೊಲಿಸ್‌ಗೆ ಬರಲಾಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡ.

ಚೆನ್ನಾಗಿ ತಿನ್ನು.

ಐಲಿ


ಮಿನಿಯಾಪೊಲಿಸ್
ಜೂನ್ 20

ಐಲಿ,

ಎರಡು ಫ್ಯಾನು, ಒಂದು ಕೇಕಿನ ಡಬ್ಬ, ಸಾಸೇಜು, ಎಲೆಕೋಸು. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ಹೆಸರು ಎಲ್ಲಿಯೂ ಇಲ್ಲ.

ನೋಡು, ನಾನು ಮಗುವಲ್ಲ, ಅರವತ್ತಾರು ವರ್ಷದ ಮುದುಕ. ಹೆಸರು ಯಾರೂ ಎತ್ತಲಿಲ್ಲ, ಅಲ್ಲವೇ? ಎದುರಿಗೆ ಬಂದರೆ ಮುಖ ನೋಡಿ ಹೇಳಬೇಕಾಗುತ್ತದೆ ಎಂದೇ ಡುಲೂತ್ ದಾರಿ ಹಿಡಿದೆ. ಕೆಲ್ಲರ್‌ಮನ್‌ಗೆ ಮರೆತುಹೋಯಿತೇ, ಅಥವಾ ಹೊಸಬರು ಬೇಡವೆಂದರೇ? ಒಂದೆರಡು ಓಟಾದರೂ ಬಿತ್ತೇ? ಒಂದೂ ಬೀಳಲಿಲ್ಲವೆಂದರೆ ಅದನ್ನೇ ಬರೆ. ಇಪ್ಪತ್ತನಾಲ್ಕು ವರ್ಷ ದುಡಿದ ಪಕ್ಷದಲ್ಲಿ ನನ್ನ ಹೆಸರು ಹೇಳುವವನೊಬ್ಬನೂ ಇಲ್ಲವೆಂದು ನಿನ್ನ ಕೈಯಿಂದ ತಿಳಿದರೆ ತಡೆದುಕೊಳ್ಳಬಲ್ಲೆ. ತಿಳಿಯದೆ ಹೀಗೆ ಬಿದ್ದಿರುವುದು ಕಷ್ಟ.

ಟೋಯ್ವೊ


ಪಾಲೊ
ಜೂನ್ 24

ಪ್ರೀತಿಯ ಟೋಯ್ವೊ,

ಯಾರೂ ಮರೆಯಲಿಲ್ಲ. ಅದನ್ನು ಮೊದಲು ತಿಳಿದುಕೊ. ಕೆಲ್ಲರ್‌ಮನ್ ನಿನ್ನ ಹೆಸರು ಓದಿದ ಕೂಡಲೇ ಎಪ್ಪತ್ತೊಂದು ಮಂದಿಯೂ ಎದ್ದು ನಿಂತರು. ಕೂರಿ ಎಂದು ಸುತ್ತಿಗೆ ಬಡಿದರೂ ಕೂರಲಿಲ್ಲ. ಮಿಷಿಗನ್‌ನ ಮುದುಕರೊಬ್ಬರು ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು. ನೀನು ಅದನ್ನು ನೋಡಬೇಕಿತ್ತು.

ಆಮೇಲೆ ನಿನ್ನ ಆರೋಗ್ಯದ ಮಾತು ಬಂತು. ಆಸ್ಪತ್ರೆಯಲ್ಲಿರುವವನ ಮೇಲೆ ಇಷ್ಟು ಭಾರ ಹೊರಿಸುವುದು ಸರಿಯಲ್ಲ ಎಂದು ಸಭೆಗೆ ಅನ್ನಿಸಿತು. ಪ್ರೀತಿಯಿಂದಲೇ ಹಾಗೆ ತೀರ್ಮಾನಿಸಿದರು. ಇಷ್ಟೇ ನಡೆದದ್ದು. ನಿನಗೆ ನೋವಾಗುತ್ತದೆಂದು ಮೊದಲೇ ಬರೆಯಲಿಲ್ಲ, ತಪ್ಪು ನನ್ನದು.

ಅಂಗಡಿಯಲ್ಲಿ ಕೆಲಸ ರಾಶಿಯಾಗಿ ಬಿದ್ದಿತ್ತು. ನಿನ್ನ ಆಲೂಗಡ್ಡೆ ಮೊಳೆತಿದೆ. ನಿನ್ನೆ ಕಳೆ ಕಿತ್ತೆ. ಜುಲೈ ಎಂಟರ ಭಾನುವಾರದ ಬಸ್ಸಿಗೆ ನೋಡಲು ಬರಲೇ?

ಐಲಿ


ಮಿನಿಯಾಪೊಲಿಸ್
ಜುಲೈ 2

ಶ್ರೀಮತಿ ಕಾಂಗಾಸ್ ಅವರಿಗೆ,

ನಮ್ಮ ಪಕ್ಷದ ವಾರಪತ್ರಿಕೆ ಇಂದು ಬೆಳಿಗ್ಗೆ ತಲುಪಿತು. ಮೊದಲ ಪುಟದಲ್ಲಿ ತಮ್ಮ ಚಿತ್ರವಿದೆ, ಕಣ್ಣು ಕಿರಿದಾಗಿದೆ. ಕೆಳಗೆ ಬರೆದಿದ್ದನ್ನು ಹಾಗೆಯೇ ನಕಲು ಮಾಡುತ್ತೇನೆ, ತಾವು ಓದಿಲ್ಲದೆ ಇರಬಹುದು: ‘ಮಿನೆಸೋಟದ ಮುಖ್ಯ ಪ್ರತಿನಿಧಿ ಶ್ರೀಮತಿ ಐಲಿ ಕಾಂಗಾಸ್ ಅವರು ತಮ್ಮ ಅಣ್ಣನ ಹೆಸರನ್ನು ಹಿಂತೆಗೆದರು. ಅನಂತರ ಓಕ್ಲಹೋಮಾದವರ ಸೂಚನೆಯಂತೆ ಶ್ರೀಮತಿ ಕಾಂಗಾಸ್ ಅವರನ್ನೇ ಉಪರಾಷ್ಟ್ರಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಆರಿಸಲಾಯಿತು. ಅವರು ಒಪ್ಪಿಕೊಂಡರು.’

ಸಭೆ ತೀರ್ಮಾನಿಸಿತು ಎಂದು ಬರೆದಿದ್ದಿರಿ. ತಮ್ಮ ನಾಲಿಗೆಗೇ ಸಭೆ ಎಂಬ ಹೆಸರೆಂದು ನನಗೆ ತಿಳಿದಿರಲಿಲ್ಲ. ಅಣ್ಣನನ್ನು ಏಣಿಯಿಂದ ಇಳಿಸಿ ಅದೇ ಏಣಿ ಹತ್ತುವುದಕ್ಕೆ ಎಷ್ಟು ಹೊತ್ತು ಹಿಡಿಯಿತು? ಅರ್ಧ ಗಂಟೆ? ಡುಲೂತ್ ದಾರಿ ಹಿಡಿದದ್ದು ಈಗ ಅರ್ಥವಾಯಿತು.

ಅಭಿನಂದನೆಗಳು. ಭಾನುವಾರ ಬರುವುದು ಬೇಡ.

ಟಿ. ರಾಂತಾಲ


ಪಾಲೊ
ಜುಲೈ 5

ಟೋಯ್ವೊ,

‘ತಾವು’ ಎಂದು ನೀನು ನನಗೆ ಬರೆದದ್ದು ಇದೇ ಮೊದಲು. ಆ ಪದವನ್ನು ಓದಿ ಸಾಮಾನಿನ ಕೋಣೆಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕುಳಿತುಬಿಟ್ಟೆ. ಈಗ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆಮೇಲೆ ನಿನ್ನ ಇಷ್ಟ.

ಜೂನ್ ಹದಿನಾಲ್ಕರಂದು ನಿನ್ನನ್ನು ನೋಡಿ ಹೊರಟಾಗ ಡಾಕ್ಟರ್ ಸುಂಡ್ವಾಲ್ ನನ್ನನ್ನು ಕಿಟಕಿಯ ಹತ್ತಿರ ಕರೆದರು. ನೀನು ನಡೆಯುತ್ತಿದ್ದೀಯಂತಲ್ಲ ಎಂದು ನಾನೇ ಸಂತೋಷದಿಂದ ಮಾತು ತೆಗೆದೆ. ಅವರು ನನ್ನ ಮುಖವನ್ನೇ ನೋಡಿದರು. ಮೇ ತಿಂಗಳಿನಿಂದ ನೀನು ಹಾಸಿಗೆಯಿಂದ ಕುರ್ಚಿಗೆ ಹೋಗುವುದಕ್ಕೂ ಇಬ್ಬರು ಹಿಡಿದುಕೊಳ್ಳಬೇಕಂತೆ.

“ಮನೇಲಿ ಕೂತು ಕಾಫಿ ಕುಡ್ಕೊಂಡು ಇದ್ರೆ ಇನ್ನೂ ಹತ್ತು ವರ್ಷ ಇರ್ತಾರಮ್ಮ,” ಎಂದರು. “ಊರೂರು ಸುತ್ತಿ ಭಾಷಣ ಮಾಡ್ತೀನಿ ಅಂತ ಹೊರಟ್ರೆ ನವೆಂಬರ್ ನೋಡಲ್ಲ.”

“ಅವನಿಗೆ ಹೇಳಿದೀರಾ?”

“ಎರಡು ಸಲ ಹೇಳ್ದೆ. ನಿಮಗೆ ಹೇಳ್ಬಾರ್ದು ಅಂತ ಅವ್ರೂ ಎರಡು ಸಲ ಹೇಳಿದ್ರು.”

ಆ ಮಾತನ್ನು ಹೊತ್ತುಕೊಂಡು ಹನ್ನೊಂದು ಗಂಟೆ ಬಸ್ಸಿನಲ್ಲಿ ಕುಳಿತಿದ್ದೆ. ಯಾರಿಗೂ ಹೇಳಬಾರದೆಂದಿದ್ದೆ. ಶುಕ್ರವಾರ ಸಂಜೆ ಕಾಲು ತೊಳೆಯುತ್ತಾ ಓಲೀಟಾ, ಮುಖ ಯಾಕೆ ಹಾಗಿದೆ ಎಂದು ಕೇಳಿದಳು. ಹೇಳಿಬಿಟ್ಟೆ. ಅವಳ ಗಂಡ ನಲವತ್ತೆಂಟರ ಚುನಾವಣೆಯಲ್ಲಿ ಲಾರಿಯ ಮೇಲೆ ನಿಂತು ಭಾಷಣ ಮಾಡುತ್ತಿರುವಾಗಲೇ ಕುಸಿದು ಸತ್ತನಂತೆ.

“ಪತ್ರಿಕೇಲಿ ಹುತಾತ್ಮ ಅಂತ ದಪ್ಪಕ್ಷರದಲ್ಲಿ ಹಾಕಿದ್ರು,” ಎಂದಳು. “ಹತ್ತಿ ಬಿಡಿಸೋಕೆ ಹುತಾತ್ಮ ಬರಲ್ಲ ಕಣೆ. ನಾನೇ ಬಿಡಿಸ್ಬೇಕು.”

ಹೀಗೆ ಮಾಡು, ಹಾಗೆ ಮಾಡು ಎಂದು ಅವಳು ಹೇಳಲಿಲ್ಲ. ಅಷ್ಟು ಹೇಳಿ ದೀಪ ಆರಿಸಿದಳು.

ಶನಿವಾರ ಮಧ್ಯಾಹ್ನ ನಿನ್ನ ಹೆಸರು ಬಂತು. ಎಲ್ಲರೂ ಎದ್ದು ನಿಂತದ್ದು ಸುಳ್ಳಲ್ಲ, ಟೊಪ್ಪಿ ತೆಗೆದ ಮುದುಕರೂ ಸುಳ್ಳಲ್ಲ. ಟ್ರಾಸ್ಕ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಚಪ್ಪಾಳೆ ನಿಂತ ಮೇಲೆ ಕೆಲ್ಲರ್‌ಮನ್ ನನ್ನ ಕಡೆ ತಿರುಗಿ, ಮಿನೆಸೋಟ ಏನು ಹೇಳುತ್ತದೆ ಎಂದು ಕೇಳಿದರು. ನಾನು ಎದ್ದೆ. ನೀನು ಕಲಿಸಿದ ಎರಡು ಪದ ನಾಲಿಗೆಯ ಮೇಲೇ ಇದ್ದವು. ಹೇಳಿ ಕೂತಿದ್ದರೆ ನಾನು ಒಳ್ಳೆಯ ತಂಗಿ.

“ಮಿನೆಸೋಟ ಒಪ್ಪಲ್ಲ,” ಎಂದೆ.

ಕೆಲ್ಲರ್‌ಮನ್ ಆ ಹೊತ್ತಿಗೆ ಗುಮಾಸ್ತೆಯ ಕಡೆ ವಾಲಿದ್ದರು. ನನ್ನ ಪಾಲಿಗೆ ಎಡಗಿವಿ ಬಂದಿತ್ತು. “ಒಪ್ಪತ್ತೆ ಅಂದ್ರಾ?” ಎಂದು ನಕ್ಕು, ಬರೆದುಕೊಳ್ಳಿ ಎಂದು ಗುಮಾಸ್ತೆಗೆ ಸನ್ನೆ ಮಾಡಿದರು. ಟೋಯ್ವೊ, ಆ ಕ್ಷಣದಲ್ಲಿ ನಾನು ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ದೇವರೇ ತೀರ್ಮಾನಿಸಿದ ಎಂದುಕೊಳ್ಳಬಹುದಿತ್ತು. ಅದೇ ಮಾತನ್ನು ಎರಡನೆಯ ಸಲ, ಕಿರುಚಿ ಹೇಳಬೇಕಾಯಿತು. ಮೊದಲನೆಯದು ಬಾಯಿಂದ ಜಾರಿದ್ದು ಅನ್ನಬಹುದು. ಎರಡನೆಯದು ನಾನು ತಿಳಿದೇ ಹೇಳಿದ್ದು.

ಕಾರಣ ಹೇಳಿ ಎಂದು ಹಿಂದಿನಿಂದ ಯಾರೋ ಕೇಳಿದರು. ನಾನು ಡಾಕ್ಟರರ ಮಾತನ್ನು ಹೇಳಲಿಲ್ಲ. ಅದು ನಿನ್ನ ಗುಟ್ಟು. ಹೇಳಿದ್ದು ಇಷ್ಟೇ:

“ನಮ್ಮಣ್ಣ ಈ ಪಕ್ಷಕ್ಕೆ ಎಲ್ಲಾ ಕೊಟ್ಟಿದಾನೆ. ಗಣಿ ಕೆಲ್ಸ ಕೊಟ್ಟ, ಮನೆ ಕೊಟ್ಟ, ಹೆಂಡ್ತಿ ಜೊತೆ ಕಳೀಬೇಕಾಗಿದ್ದ ವರ್ಷಗಳನ್ನ ಕೊಟ್ಟ. ಇನ್ನು ಉಳಿದಿರೋದು ಒಂದು ಎದೆ. ಅದನ್ನ ಕೊಡಲ್ಲ. ಅದು ನಮ್ಮ ಮನೇದು. ನಿಮಗೆ ಅವನ ಮೇಲೆ ಗೌರವ ಇದ್ರೆ ಅವನ ಹೆಸರು ಹೊರ್ಬೇಡಿ, ಅವನ ಕೆಲ್ಸ ಹೊರಿ.”

ನಿನ್ನನ್ನು ಕೊಂದೆನೋ ಉಳಿಸಿದೆನೋ ತಿಳಿಯದೆ ಹಲಗೆಯನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತಿದ್ದೆ. ಓಟು ನಡೆಯಿತು. ನಾನು ಹಿಂತೆಗೆದ ಮೇಲೂ ಹದಿನೇಳು ಮಂದಿ ನಿನ್ನ ಹೆಸರನ್ನೇ ಬರೆದಿದ್ದರು. ಟ್ರಾಸ್ಕ್‌ಗೆ ಐವತ್ತನಾಲ್ಕು.

ಆಮೇಲೆ ಉಪರಾಷ್ಟ್ರಾಧ್ಯಕ್ಷ ಸ್ಥಾನ. ಯಾರೂ ಮುಂದೆ ಬರಲಿಲ್ಲ. ಓಲೀಟಾ ಎದ್ದು, “ಎರಡು ದಿನದಲ್ಲಿ ಇಲ್ಲಿ ಒಬ್ರಾದ್ರೂ ತಮಗೆ ನಷ್ಟ ಆಗೋ ಮಾತು ಹೇಳಿದ್ರು ಅಂದ್ರೆ ಈಯಮ್ಮ ಒಬ್ರೇ. ನಾನು ಇವರ ಹೆಸ್ರು ಹೇಳ್ತೀನಿ,” ಎಂದಳು. ನಾನು ಬೇಡವೆನ್ನಲು ಬಾಯಿ ತೆರೆದೆ. ಆಗ ಟ್ರಾಸ್ಕ್ ನನ್ನ ಹತ್ತಿರ ಬಂದು ಬಗ್ಗಿ, “ಕೆಲ್ಸ ಹೊರಿ ಅಂತ ನೀವೇ ಅಂದ್ರಲ್ಲಮ್ಮ,” ಎಂದು ಮೆಲ್ಲಗೆ ಹೇಳಿದ. ನಾನು ಒಪ್ಪಿಕೊಂಡೆ.

ಇದನ್ನು ನಿನಗೆ ಹೇಗೆ ಬರೆಯಲಿ? ಅಣ್ಣನ ಹೆಸರು ಅಳಿಸಿ ತನ್ನ ಹೆಸರು ಬರೆಸಿಕೊಂಡಳು ಎಂದೇ ಕಾಗದದ ಮೇಲೆ ಕಾಣುತ್ತಿತ್ತು, ನನಗೇ ಹಾಗೆ ಕಾಣುತ್ತಿತ್ತು. ಅದಕ್ಕೇ ಫ್ಯಾನಿನ ಬಗ್ಗೆ ಬರೆದೆ.

ಜುಲೈ ಇಪ್ಪತ್ತೈದರೊಳಗೆ ತಿಳಿಸಿದರೆ ನನ್ನ ಹೆಸರು ತೆಗೆದು ಬೇರೆಯವರನ್ನು ಹಾಕಬಹುದು ಎಂದು ಕೆಲ್ಲರ್‌ಮನ್ ಬರೆದಿದ್ದಾರೆ. ನನಗೆ ಆ ಸ್ಥಾನ ಬೇಕೋ ಬೇಡವೋ ಇನ್ನೂ ಗೊತ್ತಿಲ್ಲ. ಆದರೆ ಆ ಮಧ್ಯಾಹ್ನ ಹೇಳಿದ್ದನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ. ನೀನು ಜೀವಮಾನವಿಡೀ ‘ತಾವು’ ಎಂದರೂ ಸರಿ, ಅನ್ನುವುದಕ್ಕೆ ನೀನಿರಬೇಕು.

ಐಲಿ


ಪಾಲೊ
ಜುಲೈ 14

ಟೋಯ್ವೊ,

ಉತ್ತರ ಬರಲಿಲ್ಲ. ಬರೆಯದಿದ್ದರೆ ಬೇಡ. ಅಂಗಡಿಗೆ ಸರಕು ತರುವ ಲಾರಿಯವರ ಕೈಲಿ ಏಲಕ್ಕಿ ಬ್ರೆಡ್ಡು ಕಳಿಸುತ್ತಿದ್ದೇನೆ. ಕೋಪವಿದ್ದರೂ ತಿನ್ನಬಹುದು, ಅದು ಪಕ್ಷದ್ದಲ್ಲ.

ನಿನ್ನ ವಾರ್ಡಿನ ನರ್ಸಿಗೆ ಅಂಗಡಿಯ ಫೋನಿನಿಂದ ಕರೆ ಮಾಡಿದ್ದೆ. ಬದುಕಿದ್ದಾರೆ, ಬಯ್ಯುತ್ತಿದ್ದಾರೆ ಎಂದಳು. ಸದ್ಯಕ್ಕೆ ನನಗೆ ಅಷ್ಟು ಸಾಕು.

ಐಲಿ


ಮಿನಿಯಾಪೊಲಿಸ್
ಜುಲೈ 19

ಪ್ರೀತಿಯ ಐಲಿ,

ಬ್ರೆಡ್ಡು ತಿಂದೆ. ಪಕ್ಕದ ಹಾಸಿಗೆಯ ಸ್ವೀಡನ್ನಿನವನಿಗೂ ಒಂದು ತುಂಡು ಕೊಟ್ಟೆ. ತಮ್ಮ ಕಡೆ ಇನ್ನೂ ಚೆನ್ನಾಗಿ ಮಾಡುತ್ತಾರೆ ಎಂದ. ಇನ್ನೊಂದು ತುಂಡು ಕೊಡಲಿಲ್ಲ.

ನಿನ್ನ ದೊಡ್ಡ ಕಾಗದ ಹತ್ತು ದಿನ ದಿಂಬಿನ ಕೆಳಗಿತ್ತು. ಮೊದಲು ಓದಿದಾಗ, ಡಾಕ್ಟರನೂ ತಂಗಿಯೂ ಸೇರಿ ನನ್ನನ್ನು ಮುದುಕನನ್ನಾಗಿ ಮಾಡಿಬಿಟ್ಟರು ಎಂದುಕೊಂಡೆ. ನೀವಿಬ್ಬರೂ ತಪ್ಪೆಂದು ತೋರಿಸಬೇಕೆನ್ನಿಸಿತು. ಸೋಮವಾರ ಮಧ್ಯಾಹ್ನ ನರ್ಸು ಊಟಕ್ಕೆ ಹೋದಾಗ ಗೋಡೆ ಹಿಡಿದುಕೊಂಡು ಪಡಸಾಲೆಯ ಕೊನೆಗೆ ಹೋದೆ. ಅಲ್ಲಿ ಮೆಟ್ಟಿಲಿದೆ. ಮೇಲಿನ ಅಂತಸ್ತಿನವರೆಗೆ ಹತ್ತಿ, ಅಲ್ಲಿಂದ ಡಾಕ್ಟರನನ್ನು ಕೂಗಿ ಕರೆಯುವ ಯೋಚನೆ.

ಏಳು ಮೆಟ್ಟಿಲು ಹತ್ತಿದೆ. ಏಳನೆಯದರ ಮೇಲೆ ಕೂತೆ. ಕೂತೆ ಅನ್ನುವುದಕ್ಕಿಂತ ಕಾಲು ತಾವಾಗಿ ಮಡಚಿಕೊಂಡವು ಅನ್ನಬೇಕು. ಕಣ್ಣು ಕತ್ತಲಾಯಿತು. ನೆಲ ಒರೆಸುವ ಹೆಂಗಸೊಬ್ಬಳು ಬಕೆಟ್ಟು ಹಿಡಿದು ಕೆಳಗಿನಿಂದ ಬಂದಳು. ಗಾಬರಿಯಾಗಲಿಲ್ಲ, ಇಂಥವರನ್ನು ಎಷ್ಟೋ ನೋಡಿರಬೇಕು.

“ಮೇಲ್ ಹೋಗ್ಬೇಕಾ ತಾತ, ಕೆಳಗ್ ಹೋಗ್ಬೇಕಾ?” ಎಂದು ಕೇಳಿದಳು.

“ಎಲ್ಲಿಗೂ ಬೇಡಮ್ಮ,” ಎಂದೆ.

ಹಾಗೆಂದ ತಕ್ಷಣ ಎದೆಯೊಳಗೆ ಏನೋ ಸಡಿಲವಾಯಿತು. ಮುಗಿಯಿತು, ಇದೇ ಸಾವು ಎಂದುಕೊಂಡೆ. ಕಾದೆ. ಸಾವು ಬರಲಿಲ್ಲ. ಉಸಿರು ಬಂತು, ಆಮೇಲೆ ಇನ್ನೊಂದು. ಆಗ ತಿಳಿಯಿತು ಐಲಿ, ಅದು ಕಾಯಿಲೆಯಲ್ಲ, ನಿರಾಳ. ಇನ್ನು ಯಾವ ಊರಿನ ಯಾವ ವೇದಿಕೆಯ ಮೇಲೂ ಯಾರೂ ನನಗಾಗಿ ಕಾಯುತ್ತಿಲ್ಲ ಎಂಬ ನಿರಾಳ. ಆ ಹೆಂಗಸು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ನರ್ಸು ಬರುವವರೆಗೂ ಅವಳ ಮಗಳ ಮದುವೆಯ ಸಂಗತಿ ಕೇಳುತ್ತಿದ್ದೆ. ಅಷ್ಟು ಹಗುರವಾಗಿ ನಾನು ಯಾರದಾದರೂ ಮಾತು ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಈಗ ನನ್ನ ಸರದಿ, ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಕೆಲ್ಲರ್‌ಮನ್ ಬರೆದಾಗಿನಿಂದ ನನಗೆ ಹೆದರಿಕೆಯಿತ್ತು. ಐವತ್ತೆರಡರಲ್ಲಿ ಕ್ಯಾನ್ಸಸ್‌ನ ಒಂದು ಸಭೆಯಲ್ಲಿ ಭಾಷಣದ ನಡುವೆ ಮಾತು ಮರೆತು ನಿಂತುಬಿಟ್ಟಿದ್ದೆ. ಜನ ಕೆಮ್ಮತೊಡಗಿದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಸಲ ಊರೂರಿನಲ್ಲೂ ಹಾಗಾಗುವುದನ್ನು ಕನಸು ಕಾಣುತ್ತಿದ್ದೆ. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ. ಏಕೆಂದರೆ ಬೇಕಾಗಿಯೂ ಇತ್ತು. ಬೇಕು, ಬೇಡ ಎರಡೂ ಒಂದೇ ಎದೆಯಲ್ಲಿದ್ದವು. ಡಾಕ್ಟರನ ಯಂತ್ರಕ್ಕೆ ಅದು ಕಾಣುವುದಿಲ್ಲ.

ಕೋಪ ಪೂರ್ತಿ ಹೋಗಿಲ್ಲ. ನನ್ನನ್ನು ಕೇಳದೆ ಮಾಡಿದೆ. ಕೇಳಿದ್ದರೆ ನಿಲ್ಲುತ್ತೇನೆಂದು ಹಟ ಹಿಡಿಯುತ್ತಿದ್ದೆ, ಅದೂ ನಿಜ. ಏಣಿಯ ಮಾತು ಬರೆದದ್ದು ಕೆಟ್ಟದ್ದು. ಅದನ್ನು ಹಿಂತೆಗೆದುಕೊಳ್ಳುತ್ತೇನೆ.

ನಿನ್ನ ಹೆಸರನ್ನು ತೆಗೆಸಬೇಡ. ಹದಿನೇಳು ಮಂದಿ ನನಗೆ ಓಟು ಹಾಕಿದ್ದಾರೆ, ಅವರ ಪರವಾಗಿ ಹೇಳುತ್ತಿದ್ದೇನೆ. ನಿನಗೊಂದು ಭಾಷಣ ಬರೆದಿದ್ದೇನೆ, ಇದರ ಜೊತೆಗಿದೆ. ಹನ್ನೊಂದೇ ಪುಟ.

ಭಾನುವಾರದ ಬಸ್ಸಿಗೆ ಬಾ.

ನಿನ್ನ ಅಣ್ಣ
ಟೋಯ್ವೊ


ಎನಿಡ್, ಓಕ್ಲಹೋಮಾ
ಸೆಪ್ಟೆಂಬರ್ 23

ಪ್ರೀತಿಯ ಟೋಯ್ವೊ,

ನೀನು ಮನೆಗೆ ಬಂದು ಸೇರಿದೆ ಎಂದು ಅಂಗಡಿಯವರು ಬರೆದಿದ್ದಾರೆ. ಸೌನಾದ ಹಬೆಸ್ನಾನಕ್ಕೆ ಡಾಕ್ಟರರ ಒಪ್ಪಿಗೆ ಇದೆಯೇ ಎಂದು ಕೇಳಿಯೇ ಹೋಗು. ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದವರಿಂದೆಲ್ಲ ಪಕ್ಷಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದೀಯಂತೆ. ಕೂತು ಮಾಡುವ ಕೆಲಸವಾದರೆ ನನ್ನ ತಕರಾರಿಲ್ಲ. ಪಾದ್ರಿಗಳ ಸಹಿಯೂ ಬಿತ್ತಂತಲ್ಲ, ಹೇಗೆ ಬಗ್ಗಿಸಿದೆ?

ನಿನ್ನ ಭಾಷಣದ ಮೊದಲ ಪುಟವನ್ನು ಮೂರು ಊರುಗಳಲ್ಲಿ ಓದಿದೆ. ಮೂರರಲ್ಲೂ ಜನ ಗಡಿಯಾರ ನೋಡಿದರು. ನಾಲ್ಕನೆಯ ಊರಿನಲ್ಲಿ ಕಾಗದ ಕೆಳಗಿಟ್ಟು, ನಮ್ಮ ಅಂಗಡಿಯಲ್ಲಿ ಹಿಟ್ಟಿನ ಬೆಲೆಯನ್ನು ಯಾರು ತೀರ್ಮಾನಿಸುತ್ತಾರೆ, ಹೇಗೆ ತೀರ್ಮಾನಿಸುತ್ತಾರೆ ಎಂದು ಸುಮ್ಮನೆ ಹೇಳಿದೆ. ಒಂದು ಗಂಟೆ ಪ್ರಶ್ನೆ ಕೇಳಿದರು. ಅಲ್ಲಿದ್ದವರು ಇಪ್ಪತ್ತೆರಡೇ ಮಂದಿ ಅನ್ನು. ಇವತ್ತು ಬೆಳಿಗ್ಗೆ ಓಲೀಟಾಳ ಹೊಲದಲ್ಲಿ ಹತ್ತಿ ಬಿಡಿಸಿದೆ. ಉಪರಾಷ್ಟ್ರಾಧ್ಯಕ್ಷ ಸ್ಥಾನದ ಅಭ್ಯರ್ಥಿಯ ಕೈ ತುಂಬ ಗೀರು.

ನನಗೆ ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗುತ್ತಿಲ್ಲ. ನೀನು ಬೈಯಬಹುದು, ಆದರೆ ನನಗೆ ಇದು ಹಿಡಿಸಿದೆ.

ಐಲಿ


ಪಾಲೊ
ನವೆಂಬರ್ 7

ಪ್ರೀತಿಯ ಐಲಿ,

ನೆಬ್ರಾಸ್ಕಾದ ಲಿಂಕನ್ ಊರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ, ನೀನು ಹೊರಡುವ ಮೊದಲೇ ಸಿಗಲಿ.

ನಿನ್ನೆ ಓಟು ಹಾಕಿದೆ. ಪಂಚಾಯ್ತಿ ಮನೆಯವರೆಗೆ ನಡೆದೇ ಹೋದೆ, ದಾರಿಯಲ್ಲಿ ಎರಡು ಕಡೆ ಕೂತೆ. ಪರದೆಯೊಳಗೆ ಮತಪತ್ರ ಬಿಚ್ಚಿದರೆ ಕೆಳಗಿನ ಸಾಲಿನಲ್ಲಿ ಟ್ರಾಸ್ಕ್ ಹೆಸರು, ಅದರ ಪಕ್ಕ ನಿನ್ನದು. ನಮ್ಮ ಅಮ್ಮ ಇಟ್ಟ ಹೆಸರು ಅಚ್ಚಿನಲ್ಲಿ ಹಾಗೆ ಕಾಣುತ್ತದೆಂದು ತಿಳಿದಿರಲಿಲ್ಲ. ನಾನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ, ಹೊರಗಿನಿಂದ ಗುಮಾಸ್ತ, “ರಾಂತಾಲ ಅವ್ರೇ, ಹುಷಾರಾಗಿದೀರಾ?” ಎಂದು ಕೂಗಿದ. ಹುಷಾರಾಗಿದ್ದೇನೆ, ಓದುತ್ತಿದ್ದೇನೆ ಎಂದೆ.

ದೇಶದ ಲೆಕ್ಕದಲ್ಲಿ ನಮ್ಮ ಸುದ್ದಿ ರೇಡಿಯೋದವರಿಗೆ ಬೇಕಾಗಿಲ್ಲ. ಪಾಲೊದ ಎಣಿಕೆಯನ್ನು ಬೆಳಿಗ್ಗೆ ಬಾಗಿಲಿಗೆ ಅಂಟಿಸಿದ್ದರು. ನಮಗೆ ನಲವತ್ತೊಂದು. ನಾನು ಸೆನೆಟ್ಟಿಗೆ ನಿಂತಾಗ ಇಲ್ಲಿ ನನಗೆ ಬಿದ್ದದ್ದು ಮೂವತ್ತೆಂಟು. ಮೂರು ಹೆಚ್ಚು. ಅಲ್ಲೇ ನಿಂತು, ಎಲ್ಲಾದರೂ ನೋಯುತ್ತಿದೆಯೇ ಎಂದು ನನ್ನನ್ನು ನಾನೇ ಪರೀಕ್ಷಿಸಿ ನೋಡಿದೆ. ಎಲ್ಲೂ ನೋಯಲಿಲ್ಲ. ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದು, ಹಗಲಲ್ಲೇ ಮಲಗಿ ನಿದ್ದೆ ಹೊಡೆದೆ.

ಶನಿವಾರ ಬಸ್ಸಿನ ಹತ್ತಿರ ಬಂದಿರುತ್ತೇನೆ. ಪೆಟ್ಟಿಗೆಯನ್ನು ಮಾತ್ರ ನೀನೇ ಹೊರಬೇಕು. ನಾನು ಪಕ್ಕದಲ್ಲಿ ಕೈಬೀಸಿಕೊಂಡು ಬರುತ್ತೇನೆ.

ನಿನ್ನ ಅಣ್ಣ
ಟೋಯ್ವೊ